ಶೇ 35ರ ಕಾಗದ, 20 ನಿಮಿಷದ ಬೆನ್ನು

ಪ್ರಶ್ನೆ: ನಾವು ಕೋಲಾರ ತಾಲ್ಲೂಕಿನ ಹಳ್ಳಿಯವರು. ನಮ್ಮ ಯಜಮಾನರಿಗೆ 41 ವರ್ಷ. ನರಸಾಪುರದ ಕಡೆ ಒಂದು ಕಾರ್ಖಾನೆಯಲ್ಲಿ ಗುತ್ತಿಗೆದಾರರ ಕೈಕೆಳಗೆ 11 ವರ್ಷ ಪೆಟ್ಟಿಗೆ ಎತ್ತಿಳಿಸುವ ಕೆಲಸ ಮಾಡಿದರು. ತಿಂಗಳಿಗೆ 17,000 ರೂಪಾಯಿ, ಪಿಎಫ್ ಮತ್ತು ಇಎಸ್‌ಐ ಕಡಿತವಾಗುತ್ತಿತ್ತು. 14 ತಿಂಗಳ ಹಿಂದೆ ಖಾಸಗಿ ಆಸ್ಪತ್ರೆಯಲ್ಲಿ ಬೆನ್ನಿನ ಡಿಸ್ಕ್ ಆಪರೇಷನ್ ಆಯಿತು (ಎಲ್‌4–ಎಲ್‌5). ಕಾಲಿನ ಸೆಳೆತ ಕಡಿಮೆಯಾಯಿತು, ಸೊಂಟದ ನೋವು ಹೋಗಲಿಲ್ಲ. ಬಲಪಾದ ಮೇಲೆತ್ತಲು ಬರುವುದಿಲ್ಲ, ಚಪ್ಪಲಿ ಜಾರಿ ಬೀಳುತ್ತದೆ. ಮತ್ತೆ ಕೆಲಸಕ್ಕೆ ಹೋಗಿ ನೋಡಿದರು, ಆಗಲಿಲ್ಲ. ಏಳು ತಿಂಗಳಿಂದ ಮನೆಯಲ್ಲಿದ್ದಾರೆ. 20 ನಿಮಿಷಕ್ಕಿಂತ ಹೆಚ್ಚು ಕೂರಲಾರರು. ಎರಡು ತಿಂಗಳ ಹಿಂದೆ ಅಂಗವಿಕಲತೆಯ ಪ್ರಮಾಣಪತ್ರ ಬಂತು, ಅದರಲ್ಲಿ ಶೇ 35 ಎಂದಿದೆ. ಇಷ್ಟು ಕಷ್ಟಪಡುವವರಿಗೆ ಶೇ 35 ಮಾತ್ರವೇ? ಗುತ್ತಿಗೆದಾರರು ‘ವೈಯಕ್ತಿಕ ಕಾರಣ’ ಎಂದು ರಾಜೀನಾಮೆ ಬರೆದುಕೊಡಿ ಎನ್ನುತ್ತಿದ್ದಾರೆ, ಕೊಡಬಹುದೇ? ಇನ್ನೊಮ್ಮೆ ಆಪರೇಷನ್ ಮಾಡಿಸಿ ಸ್ಕ್ರೂ ಹಾಕಿಸಿದರೆ ಸರಿಹೋಗುತ್ತಾರೆಯೇ? ಪೂರ್ತಿ ಮಲಗಿ ವಿಶ್ರಾಂತಿ ತೆಗೆದುಕೊಳ್ಳಬೇಕೇ, ಕೆಲಸ ಮಾಡಬೇಕೇ? ನಾನು ಕೋಲಾರದ ಮಂಡಿಗೆ ಟೊಮೆಟೊ ವಿಂಗಡಿಸಲು ಹೋಗುತ್ತೇನೆ. ಅತ್ತೆಯವರು, ನೆಂಟರು ‘ನೋಡುವುದಕ್ಕೆ ಗಟ್ಟಿಮುಟ್ಟಾಗಿಯೇ ಇದ್ದಾನೆ, ಹೆಂಡತಿ ದುಡಿಮೆಯ ರುಚಿ ಹತ್ತಿದೆ’ ಎನ್ನುತ್ತಾರೆ. ರಾತ್ರಿ ಹೊತ್ತು ಇವರು ‘ನಾನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ’ ಎನ್ನುತ್ತಾರೆ. ಬರೆಯಲು ನಾಚಿಕೆಯಾಗುವ ಇನ್ನೊಂದು ವಿಷಯವೂ ಇದೆ, ಬಿಡಿ.

ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕೇಳಿದ ಮಾತುಗಳು ನಾಲ್ಕು. ಚಿಹ್ನೆ ಇಲ್ಲದೆ ಕೊನೆಯಲ್ಲಿ ಬರೆದದ್ದು ಎರಡು. ನಾನು ಅವುಗಳಿಂದಲೇ ಶುರು ಮಾಡುತ್ತೇನೆ.

‘ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ’ ಎಂಬುದನ್ನು ಬೇಸರದ ಮಾತೆಂದು ಬಿಟ್ಟುಬಿಡಬೇಡಿ. ತಿಂಗಳುಗಟ್ಟಲೆ ನೋವು, ನಿದ್ದೆಗೇಡು, ಕೈಯಲ್ಲಿ ಕಾಸಿಲ್ಲದ ಸ್ಥಿತಿ ಮೂರೂ ಸೇರಿದ ಗಂಡಸಿನ ಬಾಯಿಂದ ಈ ಮಾತು ಬಂದರೆ ವೈದ್ಯರಾದ ನಾವು ಕಿವಿ ನೆಟ್ಟಗೆ ಮಾಡಿಕೊಳ್ಳುತ್ತೇವೆ. ಇವತ್ತು ರಾತ್ರಿಯೇ ಪಕ್ಕದಲ್ಲಿ ಕುಳಿತು ‘ಸಾಯಬೇಕು ಅನ್ನಿಸುತ್ತಿದೆಯೇ?’ ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಕೊಳ್ಳುತ್ತದೆ ಎಂಬುದು ಸುಳ್ಳು, ಕೇಳಿದರೆ ಎದೆಯ ಭಾರ ಇಳಿಯುತ್ತದೆ. ಟೊಮೆಟೊ ಬೆಳೆಯುವ ಮನೆಗಳಲ್ಲಿ ಕೀಟನಾಶಕದ ಡಬ್ಬಿ ಮಂಚದ ಕೆಳಗೋ ದನದ ಕೊಟ್ಟಿಗೆಯ ಅಟ್ಟದಲ್ಲೋ ಇರುತ್ತದೆ. ಅದನ್ನು ನಾಳೆ ಬೆಳಿಗ್ಗೆಯೇ ಬೇರೆಯವರ ಮನೆಗೆ ಸಾಗಿಸಿ, ಬೀಗ ಹಾಕಿಸಿ. 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡುತ್ತಾರೆ. ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ ಬೆನ್ನು ತೋರಿಸಲು ಹೋದ ದಿನವೇ ಮನೋವೈದ್ಯರನ್ನೂ ಕಾಣಲಿ. ನೋವು ಮನಸ್ಸಿನದು ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಖಿನ್ನತೆ ಇಳಿದರೆ ಅದೇ ನೋವನ್ನು ಹೊರುವ ಶಕ್ತಿ ಹೆಚ್ಚುತ್ತದೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳನ್ನು ನರದ ನೋವಿಗೂ ಕೊಡುತ್ತಾರೆ.

ನಾಚಿಕೆಯ ವಿಷಯ ಏನೆಂದು ನೀವು ಬರೆಯಲಿಲ್ಲ, ನಾನು ಊಹಿಸಿ ಹೇಳುತ್ತೇನೆ. ಸೊಂಟದ ನೋವಿರುವವರಿಗೆ ದಾಂಪತ್ಯ ಕಷ್ಟವಾಗುವುದಕ್ಕೆ ಕಾರಣ ಹಲವಿರುತ್ತವೆ: ನೋವಿನ ಭಯ, ಮಾತ್ರೆಗಳ ಪರಿಣಾಮ, ಕುಗ್ಗಿದ ಮನಸ್ಸು. ಇವಕ್ಕೆ ದಾರಿ ಇದೆ. ಪಕ್ಕಕ್ಕೆ ಮಲಗಿ ಬೆನ್ನಿಗೆ ಭಾರ ಬೀಳದಂತೆ ನೋಡಿಕೊಳ್ಳುವುದು ಎಷ್ಟೋ ಜನರಿಗೆ ಸಾಕಾಗುತ್ತದೆ. ಆದರೆ ಇನ್ನೊಂದು ಕಾರಣವೂ ಇರಬಹುದು. ಬೆನ್ನುಹುರಿಯ ತುದಿಯಿಂದ ಕುದುರೆಬಾಲದಂತೆ ಇಳಿಯುವ ನರಗಳ ಗೊಂಚಲು ಒತ್ತಡಕ್ಕೆ ಸಿಕ್ಕಿದರೆ ಲೈಂಗಿಕ ಶಕ್ತಿ, ಮೂತ್ರ, ಮಲ ಮೂರರ ಮೇಲೂ ಹಿಡಿತ ತಪ್ಪುತ್ತದೆ. ಆದ್ದರಿಂದ ಕೇಳಿ: ಮೂತ್ರ ಕಟ್ಟಿಕೊಳ್ಳುತ್ತದೆಯೇ, ಅರಿವಿಲ್ಲದೆ ಹೋಗುತ್ತದೆಯೇ, ಸೈಕಲ್ ಸೀಟು ತಾಗುವ ಜಾಗ ಮರಗಟ್ಟಿದೆಯೇ, ಎರಡೂ ಕಾಲು ಸೋಲುತ್ತಿವೆಯೇ? ಇವುಗಳಲ್ಲಿ ಒಂದು ಹೊಸದಾಗಿ ಕಾಣಿಸಿಕೊಂಡರೂ ಮರುದಿನಕ್ಕೆ ಕಾಯಬಾರದು. 108ಕ್ಕೆ ಕರೆ ಮಾಡಿ, ನರಶಸ್ತ್ರಚಿಕಿತ್ಸೆ ಇರುವ ದೊಡ್ಡ ಆಸ್ಪತ್ರೆಗೆ ಅದೇ ದಿನ ಸೇರಿಸಬೇಕು. ಅಲ್ಲಿ ಗಂಟೆಗಳ ಲೆಕ್ಕ. ಹಾಗೇನೂ ಇಲ್ಲದಿದ್ದರೆ ಅವಸರವಿಲ್ಲ, ಆದರೆ ವೈದ್ಯರಿಗೆ ಈ ವಿಷಯ ಹೇಳಲೇಬೇಕು. ನಾಚಿಕೆಯಿಂದ ಮುಚ್ಚಿಟ್ಟ ಲಕ್ಷಣ ವೈದ್ಯರ ಕಾಗದಕ್ಕೆ ಬರುವುದಿಲ್ಲ, ಕಾಗದಕ್ಕೆ ಬಾರದ್ದು ನಿಮ್ಮ ಶೇಕಡಾವಾರಿಗೂ ಬರುವುದಿಲ್ಲ.

ಇನ್ನು ಬೆನ್ನಿಗೆ ಬರೋಣ. ಬಾಗಿಲಿಗೆ ಬೆರಳು ಸಿಕ್ಕಿಕೊಂಡಿತು ಅಂದುಕೊಳ್ಳಿ. ಬಾಗಿಲು ತೆಗೆದರೆ ಬೆರಳಿಗೆ ಬಿಡುಗಡೆ, ಆದರೆ ಜಜ್ಜಿದ ಬೆರಳು ಅದೇ ಗಳಿಗೆಯಲ್ಲಿ ನೆಟ್ಟಗಾಗುವುದಿಲ್ಲ. ಡಿಸ್ಕ್ ಆಪರೇಷನ್ ಮಾಡುವುದು ಬಾಗಿಲು ತೆಗೆಯುವ ಕೆಲಸವನ್ನು. ಹೊರಕ್ಕೆ ಚಾಚಿಕೊಂಡ ಡಿಸ್ಕಿನ ತುಣುಕನ್ನು ತೆಗೆದು ನರವನ್ನು ಬಿಡಿಸುತ್ತಾರೆ. ಅದರಿಂದ ಇಳಿಯುವುದು ಮುಖ್ಯವಾಗಿ ಕಾಲಿನ ಸೆಳೆತ, ಅದು ನಿಮ್ಮವರಿಗೆ ಇಳಿದಿದೆ. ಅಂದರೆ ಆಪರೇಷನ್ ತಾನು ಮಾಡಬೇಕಾದದ್ದನ್ನು ಬಹುಮಟ್ಟಿಗೆ ಮಾಡಿದೆ. ಸೊಂಟದ ನೋವಿನ ಕಥೆ ಬೇರೆ. ಅದರಲ್ಲಿ ಸವೆದ ಕೀಲು, ಸೊರಗಿದ ಸ್ನಾಯು, ತಿಂಗಳುಗಟ್ಟಲೆ ನೋವು ಸಾಗಿಸಿ ಸಾಗಿಸಿ ಸಣ್ಣದಕ್ಕೂ ಬೊಬ್ಬೆ ಹಾಕುವ ಅಭ್ಯಾಸವಾದ ನರಮಂಡಲ ಎಲ್ಲವೂ ಸೇರಿವೆ. ಚಾಕುವಿನಿಂದ ಇವನ್ನು ಕೊಯ್ದು ತೆಗೆಯಲಾಗುವುದಿಲ್ಲ.

ಎರಡನೆಯ ಆಪರೇಷನ್ನು ಮೊದಲನೆಯದರಷ್ಟು ಫಲ ಕೊಡುವುದು ಕಡಿಮೆ, ಮೂರನೆಯದು ಅದಕ್ಕಿಂತ ಕಡಿಮೆ. ಹೊಸ ಎಂಆರ್‌ಐಯಲ್ಲಿ ಡಿಸ್ಕ್ ಮತ್ತೆ ಚಾಚಿ ನರವನ್ನು ಒತ್ತುತ್ತಿದೆ, ಕಾಲಿನ ಸೆಳೆತ ಮರಳಿದೆ, ಅಥವಾ ಬೆನ್ನೆಲುಬಿನ ಮಣಿ ಜಾರುತ್ತಿದೆ ಎಂದಿದ್ದರೆ ಯೋಚಿಸಬೇಕಾದದ್ದೇ. ಬರೀ ಸೊಂಟ ನೋಯುತ್ತದೆ ಎಂದು ಸ್ಕ್ರೂ ಹಾಕಿಸಲು ಹೊಲ ಒತ್ತೆ ಇಡುವುದಾದರೆ, ಒಪ್ಪುವ ಮೊದಲು ಆ ಆಸ್ಪತ್ರೆಗೆ ಸಂಬಂಧವಿಲ್ಲದ ಇನ್ನೊಬ್ಬ ತಜ್ಞರಿಗೆ ತೋರಿಸಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಸಾಲ ಮಾಡುವ ಮುಂಚೆ ಅದನ್ನು ವಿಚಾರಿಸಿ.

ಪಾದದ ವಿಷಯದಲ್ಲಿ ನೇರವಾಗಿ ಹೇಳುತ್ತೇನೆ. ಪಾದವನ್ನು ಮೇಲೆತ್ತುವ ಸ್ನಾಯುಗಳಿಗೆ ಹೋಗುವುದು ಸೊಂಟದ ಐದನೆಯ ಮಣಿಯ ಬಳಿ ಹೊರಡುವ ಎಲ್‌5 ನರ. ಅದು ಚೇತರಿಸಿಕೊಳ್ಳುವುದಿದ್ದರೆ ಹೆಚ್ಚಿನ ಪಾಲು ಮೊದಲ ವರ್ಷದಲ್ಲೇ ಆಗುತ್ತದೆ. 14 ತಿಂಗಳಾಗಿದೆ. ಇನ್ನು ಸ್ವಲ್ಪ ಸುಧಾರಿಸಬಹುದು, ಆದರೆ ‘ಸರಿಹೋದ ಮೇಲೆ ನೋಡೋಣ’ ಎಂದು ಕಾಯುತ್ತಾ ಕೂರುವ ಕಾಲ ಮುಗಿಯಿತು. ಈ ಪಾದದೊಂದಿಗೇ ನಡೆಯುವ ವ್ಯವಸ್ಥೆ ಆಗಬೇಕು. ಅಂಗಾಲಿನ ಕೆಳಗಿಂದ ಹಿಮ್ಮಡಿಯ ಹಿಂದೆ ಮೀನಖಂಡದವರೆಗೆ ಬರುವ ತೆಳು ಪ್ಲಾಸ್ಟಿಕ್ ಪಟ್ಟಿಯೊಂದಿದೆ, ನಾವು ಎಎಫ್‌ಒ ಎನ್ನುತ್ತೇವೆ. ಅಳತೆ ಕೊಟ್ಟು ಮಾಡಿಸಿ, ಒಂದು ಸೈಜ್ ದೊಡ್ಡ ಶೂ ಒಳಗೆ ಹಾಕಿಕೊಂಡರೆ ಬೆರಳು ನೆಲಕ್ಕೆ ತಾಗಿ ಮುಗ್ಗರಿಸುವುದು ತಪ್ಪುತ್ತದೆ. ಹವಾಯಿ ಚಪ್ಪಲಿ ಬೇಡವೇ ಬೇಡ. ಪಾದದ ಮೇಲ್ಭಾಗ ಮರಗಟ್ಟಿದ್ದರೆ ಪ್ರತಿರಾತ್ರಿ ದೀಪದ ಬೆಳಕಿನಲ್ಲಿ ಗಾಯ, ಬೊಬ್ಬೆ ನೋಡಿ. ಪಟ್ಟಿ ಉಜ್ಜಿದ್ದು ಅವರಿಗೆ ಗೊತ್ತಾಗದೆ ಹೋಗಬಹುದು.

ನಿಮ್ಮ ಜಿಲ್ಲೆಯವರೆಂದು ಇನ್ನೊಂದು ಮಾತು ಸೇರಿಸುತ್ತೇನೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ ಕಡೆಯ ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ವರ್ಷಗಟ್ಟಲೆ ದಾಟಿದ ನೀರು ಕುಡಿದವರ ಬೆನ್ನೆಲುಬಿನ ಕಟ್ಟುನಾರುಗಳೇ ಮೂಳೆಯಾಗಿ, ಕೊರಳು ತಿರುಗದೆ, ಸೊಂಟ ಬಾಗದೆ, ಕೊನೆಗೆ ಬೆನ್ನುಹುರಿ ಒತ್ತಿಹೋಗಬಹುದು. ಇದನ್ನು ಪಕ್ಕದ ಆಂಧ್ರದ ನೆಲ್ಲೂರಿನ ಕಡೆ ವೈದ್ಯರು 1937ರಲ್ಲೇ ವರದಿ ಮಾಡಿದ್ದರು. ನಿಮ್ಮವರ ರೋಗ ಡಿಸ್ಕಿನದೇ ಎಂದು ಕಾಣುತ್ತದೆ. ಆದರೂ ಕೊರಳು, ಸೊಂಟ, ಮೊಣಕೈ ಎಲ್ಲ ಒಟ್ಟಿಗೆ ಬಿಗಿದಿದ್ದರೆ ಮುಂಗೈಯ ಒಂದು ಎಕ್ಸ್‌ರೇ ತೆಗೆಸಿ ನೋಡಲು ಹೇಳಿ, ಕುಡಿಯುವ ನೀರನ್ನು ಪರೀಕ್ಷೆಗೆ ಕೊಡಿ. ಬೆಳಿಗ್ಗೆ ಎದ್ದಾಗ ಗಂಟೆಗಟ್ಟಲೆ ಬಿಗಿತವಿದ್ದು ಓಡಾಡಿದ ಮೇಲೆ ಸಡಿಲವಾಗುತ್ತದೆ ಎಂದರೂ, ಸಂಜೆ ಜ್ವರ ಬಂದು ತೂಕ ಇಳಿಯುತ್ತಿದೆ ಎಂದರೂ ವೈದ್ಯರಿಗೆ ತಿಳಿಸಬೇಕು. ಮೊದಲನೆಯದು ಸಂಧಿವಾತದ ಒಂದು ಬಗೆಯಿರಬಹುದು, ಎರಡನೆಯದು ಬೆನ್ನುಮೂಳೆಯ ಕ್ಷಯ.

ಈಗ ಶೇ 35. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಇಲ್ಲಿ ಒಂದು ಗೋಜಲಿದೆ, ಅದನ್ನು ಬಿಡಿಸದೆ ನಿಮ್ಮ ಕೆಲಸ ಮುಂದೆ ಸಾಗುವುದಿಲ್ಲ. ಮಂಡಿಯಲ್ಲಿ ಒಂದೇ ಟೊಮೆಟೊವನ್ನು ನೀವು ಬಣ್ಣಕ್ಕೆ ನೋಡುತ್ತೀರಿ, ಲಾರಿಯವನು ಗಟ್ಟಿತನಕ್ಕೆ ನೋಡುತ್ತಾನೆ, ತೂಕದವನು ಕ್ರೇಟಿಗೆ 15 ಕೆ.ಜಿ. ಬಂತೇ ಎಂದಷ್ಟೇ ನೋಡುತ್ತಾನೆ. ನಿಮ್ಮ ಯಜಮಾನರ ಬೆನ್ನನ್ನೂ ಮೂರು ಜನ ಮೂರು ಬಗೆಯಲ್ಲಿ ಅಳೆಯುತ್ತಿದ್ದಾರೆ, ಒಬ್ಬರ ಅಳತೆ ಇನ್ನೊಬ್ಬರಿಗೆ ಹೊಂದುವುದಿಲ್ಲ.

ಸ್ಕ್ಯಾನ್ ಅಳೆಯುವುದು ಆಕಾರವನ್ನು. ಬೆನ್ನುನೋವೇ ಇಲ್ಲದ ಸುಮಾರು ಮೂರು ಸಾವಿರ ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಒಂದು ಪ್ರಸಿದ್ಧ ವಿಮರ್ಶೆಯಲ್ಲಿ, 20ರ ಹರೆಯದವರಲ್ಲೇ ಶೇ 37 ಮಂದಿಗೆ, 80ರವರಲ್ಲಿ ಶೇ 96 ಮಂದಿಗೆ ಡಿಸ್ಕ್ ಸವೆದಿರುವುದು ಕಂಡಿತು. ಆದ್ದರಿಂದ ‘ಎಲ್ಲ ಸವೆದುಹೋಗಿದೆ’ ಎಂದು ಹೆದರಿಸುವ ವೈದ್ಯರೂ ‘ಸ್ಕ್ಯಾನ್‌ನಲ್ಲಿ ಏನೂ ಇಲ್ಲ, ಕೆಲಸಕ್ಕೆ ಹೋಗು’ ಎಂದು ಗದರಿಸುವ ವೈದ್ಯರೂ ಒಂದೇ ತಪ್ಪು ಮಾಡುತ್ತಿದ್ದಾರೆ. ನನ್ನ ವೃತ್ತಿಬಾಂಧವರ ಬಗ್ಗೆ ಹೀಗೆ ಬರೆಯಲು ನನಗೇನೂ ಖುಷಿಯಿಲ್ಲ.

ಅಂಗವಿಕಲತೆಯ ಪ್ರಮಾಣಪತ್ರ ಅಳೆಯುವುದು ದೇಹದ ನಷ್ಟವನ್ನು: ಯಾವ ಸ್ನಾಯುವಿನ ಬಲ ಎಷ್ಟು, ಯಾವ ಕೀಲು ಎಷ್ಟು ಬಾಗುತ್ತದೆ, ಎಲ್ಲಿ ಸ್ಪರ್ಶವಿಲ್ಲ. ಅದಕ್ಕೆ ಕೇಂದ್ರ ಸರ್ಕಾರದ ಮಾರ್ಗಸೂಚಿಯ ಕೋಷ್ಟಕಗಳಿವೆ. 20 ನಿಮಿಷಕ್ಕಿಂತ ಹೆಚ್ಚು ಕೂರಲಾರರು, ಸಂಬಳ ನಿಂತಿದೆ ಎಂಬುದಕ್ಕೆ ಆ ಕೋಷ್ಟಕದಲ್ಲಿ ಜಾಗವಿಲ್ಲ. ನೋವೊಂದರಿಂದಲೇ ಅಲ್ಲಿ ಸೌಲಭ್ಯಗಳಿಗೆ ಬೇಕಾದ ಶೇ 40 ಮುಟ್ಟುವುದು ಬಹಳ ಕಷ್ಟ. ಹಾಗೆಂದು ಆ ಕಾಗದ ನಿಮ್ಮವರನ್ನು ಸುಳ್ಳುಗಾರ ಎನ್ನುತ್ತಿಲ್ಲ. ಕೇಳದ ಪ್ರಶ್ನೆಗೆ ಅದು ಉತ್ತರ ಕೊಟ್ಟಿಲ್ಲ, ಅಷ್ಟೆ.

ಆದರೂ ಶೇ 35 ಎಂಬುದು ನನಗೆ ಅನುಮಾನ ಹುಟ್ಟಿಸುತ್ತದೆ. ಪ್ರಮಾಣಪತ್ರದಲ್ಲಿ ರೋಗದ ಹೆಸರಿನ ಸಾಲನ್ನು ಓದಿಸಿ ನೋಡಿ. ಬರೀ ಬೆನ್ನಿನ ತೊಂದರೆ ಎಂದಿದೆಯೇ, ಬಲಪಾದದ ದೌರ್ಬಲ್ಯವೂ ಸೇರಿದೆಯೇ? ಸೇರದಿದ್ದರೆ ಪಾದವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದರ್ಥ. ಎರಡು ನಷ್ಟಗಳಿದ್ದಾಗ ನೇರವಾಗಿ ಕೂಡುವುದಿಲ್ಲ, ಅದಕ್ಕೊಂದು ಸೂತ್ರವಿದೆ. ಉದಾಹರಣೆಗೆ ಒಂದು ಶೇ 30, ಇನ್ನೊಂದು ಶೇ 20 ಆದರೆ ಒಟ್ಟು 50 ಅಲ್ಲ. 90ರಲ್ಲಿ 30 ಕಳೆದು ಉಳಿದ 60ನ್ನು 20ರಿಂದ ಗುಣಿಸಿ 90ರಿಂದ ಭಾಗಿಸಿದರೆ 13 ಚಿಲ್ಲರೆ, ಅದನ್ನು 30ಕ್ಕೆ ಸೇರಿಸಿದರೆ 43. ನಿಮ್ಮವರಿಗೆ ಇದೇ ಅಂಕಿ ಬರುತ್ತದೆಂದು ಹೇಳುತ್ತಿಲ್ಲ. ಒಂದು ಪಾದ ಲೆಕ್ಕದಿಂದ ಬಿಟ್ಟುಹೋದರೆ 40ರ ಗೆರೆಯ ಆಚೆ ಈಚೆ ಆಗಬಹುದು ಎಂದು ತೋರಿಸಿದೆ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಇದಕ್ಕೆ ಮೇಲ್ಮನವಿ ಇದೆ, ಪ್ರಮಾಣಪತ್ರದ ತೀರ್ಮಾನವಾದ ದಿನದಿಂದ 90 ದಿನದೊಳಗೆ ಸಲ್ಲಿಸಬೇಕು. ನಿಮಗೆ ಎರಡು ತಿಂಗಳು ಕಳೆದಿದೆ, ಉಳಿದದ್ದು ಒಂದೇ ತಿಂಗಳು. ಅರ್ಜಿಯಲ್ಲಿ ‘ತುಂಬಾ ನೋವು, ಬಡವರು, ದಯಮಾಡಿ’ ಎಂದು ಬರೆಯಬೇಡಿ. ಪಾದ ಎತ್ತುವ ಸ್ನಾಯುವಿನ ಬಲವನ್ನು ವೈದ್ಯರು ಸೊನ್ನೆಯಿಂದ ಐದರವರೆಗೆ ಅಂಕ ಕೊಟ್ಟು ಬರೆಯುತ್ತಾರೆ. ಆ ಅಂಕವಿರುವ ಚೀಟಿ, ನರಗಳ ವಿದ್ಯುತ್ ಪರೀಕ್ಷೆ ಅಂದರೆ ಎನ್‌ಸಿಎಸ್ ಮತ್ತು ಇಎಂಜಿಯ ವರದಿ, ಆಪರೇಷನ್ನಿನ ಡಿಸ್ಚಾರ್ಜ್ ಪತ್ರ, ಇವನ್ನು ಲಗತ್ತಿಸಿ. ಬರೆಯಲು ಬಾರದಿದ್ದರೆ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೋ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನೋ ಹಿಡಿಯಿರಿ. ಇವರಲ್ಲಿ ಬಹಳಷ್ಟು ಮಂದಿ ಸ್ವತಃ ಅಂಗವಿಕಲರು. ಯಾವ ಕಾಗದ ಯಾವ ಮೇಜಿಗೆ ಹೋಗಬೇಕೆಂದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಶೇ 40 ಆದರೆ ಸಿಗುವುದೇನು? ನಾಡಕಚೇರಿಯ ಮೂಲಕ ರಾಜ್ಯದ ಮಾಸಾಶನಕ್ಕೆ ಅರ್ಜಿ, ರಿಯಾಯಿತಿ ಬಸ್ ಪಾಸ್, ಸ್ವಯಂ ಉದ್ಯೋಗಕ್ಕೆ ಅಂಗವಿಕಲರ ಕಲ್ಯಾಣ ಇಲಾಖೆಯ ‘ಆಧಾರ’ ಯೋಜನೆ. ಮಾಸಾಶನ ಸಣ್ಣದು, ಅದರಿಂದ ಸಂಸಾರ ನಡೆಯುವುದಿಲ್ಲ. ಕೇಂದ್ರದ ಅಂಗವಿಕಲ ಪಿಂಚಣಿಗಂತೂ ಶೇ 80 ಬೇಕು, ಅದರ ಮೊತ್ತ ತಿಂಗಳಿಗೆ 300 ರೂಪಾಯಿ. ಆ 300ನ್ನು ನಿಗದಿ ಮಾಡಿದವರು ಮಂಡಿಯಲ್ಲಿ ಒಂದು ದಿನ ಟೊಮೆಟೊ ವಿಂಗಡಿಸಿ ನೋಡಲಿ ಎನ್ನಿಸುತ್ತದೆ.

ಹಾಗಾಗಿ ನಿಮ್ಮ ನಿಜವಾದ ದುಡ್ಡು ಇರುವುದು ಮೂರನೆಯ ಅಳತೆಯಲ್ಲಿ, ಅಂದರೆ ‘ಈತ ಮಾಡುತ್ತಿದ್ದ ಕೆಲಸವನ್ನು ಇನ್ನು ಮಾಡಬಲ್ಲನೇ?’ ಎಂದು ಕೇಳುವ ಕಚೇರಿಗಳಲ್ಲಿ. ಅದಕ್ಕಾಗಿಯೇ ಹೇಳುತ್ತೇನೆ, ‘ವೈಯಕ್ತಿಕ ಕಾರಣ’ ಎಂಬ ರಾಜೀನಾಮೆಗೆ ಸಹಿ ಹಾಕಬೇಡಿ. ಆ ಎರಡು ಪದ ಗುತ್ತಿಗೆದಾರರಿಗೆ ಸಲೀಸು, ನಿಮಗೆ ಬಾವಿ.

ಮೊದಲು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ. ಸಾಮಾನ್ಯ ಕಾಯಿಲೆಗೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70 ಸಿಗುತ್ತದೆ. ಅದು ಮುಗಿದ ಮೇಲೆ, ದೀರ್ಘ ಕಾಯಿಲೆಗಳ ಪಟ್ಟಿಯೊಂದಿದ್ದು ಅದರಲ್ಲಿರುವ ರೋಗಗಳಿಗೆ ಶೇ 80ರಂತೆ ಗರಿಷ್ಠ ಎರಡು ವರ್ಷದವರೆಗೆ ವಿಸ್ತರಿಸಬಹುದು. ಬೆನ್ನೆಲುಬಿನ ಡಿಸ್ಕ್ ಜಾರುವುದೂ ಬೆನ್ನುಹುರಿ ಒತ್ತುವುದೂ ಆ ಪಟ್ಟಿಯಲ್ಲಿವೆ. ಎರಡು ವರ್ಷ ಸತತ ಕೆಲಸ, ಕಳೆದ ನಾಲ್ಕು ವಂತಿಗೆ ಅವಧಿಗಳಲ್ಲಿ (ಒಂದೊಂದು ಅವಧಿಯೂ ಆರು ತಿಂಗಳು) 156 ದಿನದ ವಂತಿಗೆ ಇರಬೇಕು. ಇಲ್ಲಿ ನಿಮ್ಮ ತೊಡಕು ಏನೆಂದರೆ ಚಿಕಿತ್ಸೆ ಖಾಸಗಿಯಲ್ಲಾಗಿದೆ, ಇಎಸ್‌ಐ ವೈದ್ಯರ ರಜೆ ಪ್ರಮಾಣಪತ್ರವಿಲ್ಲದೆ ಹಣ ಬರುವುದಿಲ್ಲ. ಕೆಲಸವಿಲ್ಲದೆ ಕಳೆಯುವ ತಿಂಗಳುಗಳು ಹೆಚ್ಚಿದಷ್ಟೂ ವಂತಿಗೆಯ ದಿನಗಳು ಕರಗುತ್ತವೆ. ಆದ್ದರಿಂದ ಈ ವಾರವೇ ಎಲ್ಲ ಕಾಗದ ಕಟ್ಟಿಕೊಂಡು ಇಎಸ್‌ಐ ಔಷಧಾಲಯಕ್ಕೆ ಹೋಗಿ, ಇನ್ನು ಮುಂದಿನ ಚಿಕಿತ್ಸೆ ಅಲ್ಲಿಂದಲೇ ನಡೆಯಲಿ, ಶಾಖಾ ಕಚೇರಿಯಲ್ಲಿ ಅರ್ಹತೆ ಎಷ್ಟು ಉಳಿದಿದೆ ಎಂದು ವಿಚಾರಿಸಿ. ಇನ್ನೊಂದು: ಈ ನೋವು ಕಾರ್ಖಾನೆಯಲ್ಲಿ ಒಂದು ನಿರ್ದಿಷ್ಟ ದಿನ ಜಾರಿಬಿದ್ದೋ ಪೆಟ್ಟಿಗೆ ಎತ್ತುವಾಗ ಉಳುಕಿಯೋ ಶುರುವಾಯಿತೇ? ಹಾಗಿದ್ದರೆ ಅದು ಕಾಯಿಲೆಯಲ್ಲ, ಕೆಲಸದ ಗಾಯ. ಅದರ ಲೆಕ್ಕವೇ ಬೇರೆ. ದಿನಾಂಕ, ನೋಡಿದವರ ಹೆಸರು ಬರೆದಿಟ್ಟುಕೊಂಡು ಹೋಗಿ.

ಆಮೇಲೆ ಪಿಎಫ್. 1995ರ ಪಿಂಚಣಿ ಯೋಜನೆಯಲ್ಲಿ, ಸೇವೆಯಲ್ಲಿರುವಾಗ ಶಾಶ್ವತವಾಗಿ, ಸಂಪೂರ್ಣವಾಗಿ ದುಡಿಯಲಾರದಂತಾದ ಸದಸ್ಯನಿಗೆ 58 ವರ್ಷದವರೆಗೆ ಕಾಯದೆ ಪಿಂಚಣಿ ಕೊಡುವ ಅವಕಾಶವಿದೆ. ಒಂದು ತಿಂಗಳ ವಂತಿಗೆ ಕಟ್ಟಿದ್ದರೂ ಸಾಕು. ಇಲ್ಲಿ ಶೇ 40ರ ಗೆರೆಯಿಲ್ಲ, ದುಡಿಯುವ ಸಾಮರ್ಥ್ಯವನ್ನು ವೈದ್ಯಕೀಯ ಮಂಡಳಿ ನೋಡುತ್ತದೆ. ಅರ್ಜಿ ನಮೂನೆ 10-ಡಿ. ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ, ಸೇವೆ ಮತ್ತು ಸಂಬಳದ ಮೇಲೆ ಹೆಚ್ಚಬಹುದು. ಖಂಡಿತ ಸಿಗುತ್ತದೆ ಎನ್ನಲಾರೆ. ಮಂಡಳಿ ಬಿಗಿಯಾಗಿ ನೋಡುತ್ತದೆ, ‘ಸಂಪೂರ್ಣವಾಗಿ’ ಎಂಬ ಪದ ಭಾರವಾದದ್ದು. ಆದರೆ ‘ಸೇವೆಯಲ್ಲಿರುವಾಗ’ ಎಂಬ ಪದ ಅದಕ್ಕಿಂತ ಮುಖ್ಯ. ವೈಯಕ್ತಿಕ ಕಾರಣಕ್ಕೆ ತಾನಾಗಿಯೇ ಬಿಟ್ಟೆ ಎಂದು ಬರೆದುಕೊಟ್ಟವನು ಆಮೇಲೆ ಅಂಗವೈಕಲ್ಯದಿಂದ ಬಿಟ್ಟೆ ಎಂದು ಹೇಗೆ ವಾದಿಸುವುದು? ಬಿಡಲೇಬೇಕಾದ ದಿನ ಬಂದರೆ, ‘ಬೆನ್ನೆಲುಬಿನ ಕಾಯಿಲೆಯಿಂದ ಭಾರ ಎತ್ತುವ ಕೆಲಸ ಮಾಡಲಾಗದ ಕಾರಣ’ ಎಂದೇ ಬರೆಯಲಿ, ವೈದ್ಯರ ಪತ್ರ ಲಗತ್ತಿಸಲಿ, ಸ್ವೀಕೃತಿಯ ಮೊಹರಿರುವ ಪ್ರತಿ ಇಟ್ಟುಕೊಳ್ಳಲಿ. ಅದಕ್ಕೂ ಮೊದಲು ಹಗುರ ಕೆಲಸ ಕೊಡಿ ಎಂದು ಒಂದು ಲಿಖಿತ ಮನವಿ ಹೋಗಿರಲಿ. ಸರ್ಕಾರಿ ನೌಕರನಾಗಿದ್ದರೆ ಸೇವೆಯಲ್ಲಿ ಅಂಗವಿಕಲನಾದವನನ್ನು ತೆಗೆಯುವಂತಿಲ್ಲ ಎಂದು 2016ರ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಗುತ್ತಿಗೆ ಕಾರ್ಮಿಕನಿಗೆ ಅಷ್ಟು ಗಟ್ಟಿ ಕೊಡೆ ಇಲ್ಲ.

11 ವರ್ಷದಲ್ಲಿ ಗುತ್ತಿಗೆದಾರರು ಬದಲಾಗಿರುತ್ತಾರೆ. ಪ್ರತಿ ಬಾರಿ ಹೊಸ ಪಿಎಫ್ ಖಾತೆ ತೆರೆದಿದ್ದರೆ ಎಲ್ಲವೂ ಒಂದೇ ಯುಎಎನ್ ಅಡಿ, ಅಂದರೆ ಒಬ್ಬ ಸದಸ್ಯನ ಎಲ್ಲ ಖಾತೆಗಳಿಗೂ ಇರುವ ಒಂದೇ ಸಂಖ್ಯೆಯಡಿ, ಸೇರಿವೆಯೇ ನೋಡಿ. ಒಟ್ಟು ಸೇವೆ 10 ವರ್ಷ ಮುಟ್ಟಿದರೆ ಅಂಗವೈಕಲ್ಯದ ಅರ್ಜಿ ತಿರಸ್ಕೃತವಾದರೂ 58ಕ್ಕೆ, ಬೇಕೆಂದರೆ ಕಡಿಮೆ ಮೊತ್ತಕ್ಕೆ 50ರಿಂದಲೇ, ಪಿಂಚಣಿ ಬರುತ್ತದೆ. ‘ಎಲ್ಲ ಹಣ ತೆಗೆಸಿಕೊಡುತ್ತೇನೆ’ ಎಂದು ಸೈಬರ್ ಅಂಗಡಿಯವರು 10-ಸಿ ನಮೂನೆ ತುಂಬಲು ಹೊರಟರೆ ಕೈ ಹಿಡಿದು ನಿಲ್ಲಿಸಿ. ತುಂಡುತುಂಡಾಗಿ ಕಾಣುವ ಖಾತೆಗಳಿಂದ ಪಿಂಚಣಿಯ ಪಾಲನ್ನು ಹಿಂತೆಗೆದರೆ ಆ ವರ್ಷಗಳು ಲೆಕ್ಕದಿಂದಲೇ ಹೋಗುತ್ತವೆ.

ಈ ಎಲ್ಲ ಕಚೇರಿಗಳಿಗೂ ಉಪಯೋಗಕ್ಕೆ ಬರುವ ಒಂದು ಕಾಗದವಿದೆ, ಅದನ್ನು ನೀವೇ ಮನೆಯಲ್ಲಿ ತಯಾರಿಸಬಹುದು. ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಎರಡು ವಾರ ಪ್ರತಿದಿನ ಬರೆಯಿರಿ: ಎಷ್ಟು ನಿಮಿಷ ಕೂತರು, ಎಷ್ಟು ನಿಂತರು, ಎಷ್ಟು ದೂರ ನಡೆದರು, ಎಷ್ಟು ಭಾರ ಎತ್ತಿದರು, ಅದಾದ ಮೇಲೆ ಎಷ್ಟು ಹೊತ್ತು ಮಲಗಬೇಕಾಯಿತು, ಎಷ್ಟು ಸಲ ಮುಗ್ಗರಿಸಿದರು. ಬಳಿಕ ವೈದ್ಯರಿಗೆ ಅದನ್ನು ಕೊಟ್ಟು, ಪರೀಕ್ಷಿಸಿ, ‘ಡಿಸ್ಕ್ ತೊಂದರೆ’ ಎನ್ನುವುದರ ಜೊತೆಗೆ ‘20 ನಿಮಿಷಕ್ಕಿಂತ ಹೆಚ್ಚು ಕೂರಲಾರರು, ಇಷ್ಟು ಕಿಲೋಗಿಂತ ಹೆಚ್ಚು ಎತ್ತಬಾರದು’ ಎಂದೂ ಬರೆದುಕೊಡಲು ಕೇಳಿ. ರೋಗದ ಹೆಸರು ಬರೆಯಲು ನಮಗೆ ಕಾಲೇಜಿನಲ್ಲಿ ಕಲಿಸಿದ್ದಾರೆ, ಆಗದ ಕೆಲಸದ ಹೆಸರು ಬರೆಯುವುದನ್ನು ರೋಗಿಗಳೇ ಕಲಿಸಬೇಕಾಗಿದೆ.

ವಿಶ್ರಾಂತಿಯೋ ಕೆಲಸವೋ ಎಂದು ಕೇಳಿದ್ದೀರಿ. ಅದೇ ನೋಟ್‌ಬುಕ್ಕಿನಲ್ಲಿ ಉತ್ತರ ಸಿಗುತ್ತದೆ. ಬಹುತೇಕರ ಪುಟಗಳು ಹೀಗಿರುತ್ತವೆ: ಒಂದು ದಿನ ನೋವು ಕಡಿಮೆಯೆಂದು ಹುಮ್ಮಸ್ಸಿನಲ್ಲಿ ಹಸುವಿಗೆ ಮೇವು ತಂದು, ನೀರು ಹೊತ್ತು, ಬೈಕಿನಲ್ಲಿ ಊರಿಗೂ ಹೋಗಿ ಬಂದರು. ಮುಂದಿನ ನಾಲ್ಕು ದಿನ ಮಂಚ. ಮತ್ತೆ ಅದೇ. ಹೀಗಾದರೆ ಒಳ್ಳೆಯ ದಿನಗಳು ಕಡಿಮೆಯಾಗುತ್ತಲೇ ಹೋಗುತ್ತವೆ. ನೋವನ್ನು ಕೇಳಿ ನಿಲ್ಲಬಾರದು, ಗಡಿಯಾರ ಕೇಳಿ ನಿಲ್ಲಬೇಕು. 20 ನಿಮಿಷ ಕೂರಬಲ್ಲರಾದರೆ 13 ನಿಮಿಷಕ್ಕೆ ಮೊಬೈಲಿನಲ್ಲಿ ಅಲಾರಂ ಇಟ್ಟು ಏಳಲಿ, ನೋವಿಲ್ಲದಿದ್ದರೂ ಏಳಲಿ. ನಡೆಯುವುದೂ ಹಾಗೆಯೇ: ಒಳ್ಳೆಯ ದಿನವೂ ಕೆಟ್ಟ ದಿನವೂ ಒಂದೇ ದೂರ, ವಾರಕ್ಕೊಮ್ಮೆ ಒಂದಿಷ್ಟು ಹೆಚ್ಚಳ. ದಿನವಿಡೀ ಮಲಗಿದರೆ ಬೆನ್ನಿನ ಸ್ನಾಯು ಸೊರಗಿ ನೋವು ಹೆಚ್ಚುತ್ತದೆ. ಫಿಸಿಯೋಥೆರಪಿ ಎಂದರೆ ಬೆನ್ನಿನ ಮೇಲೆ ಬಿಸಿಪೆಟ್ಟಿಗೆ ಇಟ್ಟು ಕಳಿಸುವುದಲ್ಲ. ಮನೆಯಲ್ಲಿ ಮಾಡುವ ನಾಲ್ಕು ವ್ಯಾಯಾಮ ಕಲಿಸಿ, ಮಾಡಿಸಿ ನೋಡಿ, ತಿದ್ದುವವರ ಬಳಿ ಹೋಗಿ.

ಬರಿ ನೆಲದ ಮೇಲೆ ಮಲಗಿದರೆ ಬೆನ್ನಿಗೆ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ತೀರಾ ಮೆತ್ತಗೂ ತೀರಾ ಗಟ್ಟಿಗೂ ಅಲ್ಲದ ಹಾಸಿಗೆಯೇ ಮೇಲು. ಕುಕ್ಕುರುಗಾಲಿನ ಕಕ್ಕಸು ಇವರಿಗೆ ದೊಡ್ಡ ಶಿಕ್ಷೆ. ನಡುವೆ ರಂಧ್ರ ಕೊರೆಸಿದ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಅದರ ಮೇಲಿಟ್ಟರೆ ಅರ್ಧ ಕಷ್ಟ ಕಳೆಯುತ್ತದೆ, ಗೋಡೆಗೊಂದು ಹಿಡಿಕೆ ಇರಲಿ. ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ದಿನಾ ನುಂಗುತ್ತಿದ್ದರೆ ಮೂತ್ರಪಿಂಡ, ಹೊಟ್ಟೆ ಎರಡೂ ಕೆಡುತ್ತವೆ. ಹೆಸರಿಲ್ಲದ ಪುಡಿ ತಿಂದ ಮೂರೇ ದಿನಕ್ಕೆ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದೆಂದು ಶಂಕಿಸಿ. ನಿಮ್ಮ ಕಡೆಯವರು ಬಸ್ ಹತ್ತಿ ಆಂಧ್ರದ ಪುತ್ತೂರಿಗೆ ಹೋಗಿ, ಮೂಳೆ ಕೂಡಿಸುವ ನಾಟಿ ಕಟ್ಟು ಕಟ್ಟಿಸಿಕೊಂಡು ಬರುತ್ತಾರೆ. ಮುರಿದ ಕೈಕಾಲಿನ ಮಾತು ಬೇರೆ, ನರ ಸೋತ ಬೆನ್ನನ್ನು ಎಳೆಸಿ, ತಿರುಚಿಸಿ, ಎಣ್ಣೆ ಹಾಕಿ ಉಜ್ಜಿಸಬೇಡಿ.

ಮುಂದೆ ಏನು ಕೆಲಸ ಮಾಡಬಹುದು ಎಂದು ನೀವು ಕೇಳಿಲ್ಲ, ಆದರೆ ಇಷ್ಟು ಹೊತ್ತಿಗೆ ಯಾರಾದರೂ ‘ಒಂದು ಚಿಲ್ಲರೆ ಅಂಗಡಿ ಹಾಕಿಕೊಡಿ’ ಎಂದಿರುತ್ತಾರೆ. ಈ ಸಲಹೆ ಕೇಳಿದಾಗಲೆಲ್ಲ ನನಗೆ ರೇಗುತ್ತದೆ. ಕೂರಲಾಗದವನಿಗೆ ಹನ್ನೆರಡು ಗಂಟೆ ಕೂರುವ ಕೆಲಸ, ಅದರ ಮೇಲೆ 25 ಕಿಲೋ ಅಕ್ಕಿ ಮೂಟೆ ಎಳೆದಾಡುವುದು ಬೇರೆ! ಕಾಲು ಹೋದವನಿಗೂ ಬೆನ್ನು ಹೋದವನಿಗೂ ಒಂದೇ ಅಂಗಡಿ ಹೊಂದುವುದಿಲ್ಲ. ಇವರಿಗೆ ಬೇಕಾದದ್ದು ಕೂತು, ನಿಂತು, ನಾಲ್ಕು ಹೆಜ್ಜೆ ನಡೆದು ಮಾಡಬಹುದಾದ, ಭಾರ ಎತ್ತಬೇಕಿಲ್ಲದ, ನಡುವೆ ಹತ್ತು ನಿಮಿಷ ಒರಗಲು ಬಿಡುವ ಕೆಲಸ. ನಿಮ್ಮ ಸುತ್ತಲೇ ತರಕಾರಿ ಸಸಿಗಳ ನರ್ಸರಿಗಳಿವೆ. ತೆಂಗಿನ ನಾರಿನ ಪುಡಿ ತುಂಬಿದ ಟ್ರೇಗಳಿಗೆ ಬೀಜ ಊರುವ ಕೆಲಸವನ್ನು ಸೊಂಟದೆತ್ತರದ ಮೇಜಿನ ಮೇಲಿಟ್ಟರೆ ನಿಂತೇ ಮಾಡಬಹುದು, ಟ್ರೇ ಹೊರುವವರು ಬೇರೆಯಿರಬೇಕು. ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಸಂಜೆ ಎರಡೆರಡು ಗಂಟೆ ಲೆಕ್ಕ ಬರೆಯುವುದು ಇನ್ನೊಂದು, ಕ್ಯಾನ್ ಎತ್ತದಿದ್ದರೆ. ದಿನಕ್ಕೆ ಎರಡು ಗಂಟೆಯಿಂದ ಶುರುವಾಗಲಿ. ಅದೂ ಆಗದಿದ್ದರೆ ಆಗುವುದಿಲ್ಲ, ಅಷ್ಟೆ. ಆಗ ಅವರು ಮನೆಯಲ್ಲಿ ಮಕ್ಕಳನ್ನು ಓದಿಸಿ, ಕಾಗದಪತ್ರದ ಕೆಲಸ ನೋಡಿಕೊಂಡು ನಿಮ್ಮನ್ನು ನಿರಾಳವಾಗಿ ಮಂಡಿಗೆ ಕಳಿಸಿದರೆ ಅದನ್ನು ಸೋಮಾರಿತನ ಎನ್ನುವವರ ಜೊತೆ ನನ್ನ ತಕರಾರಿದೆ.

ಅತ್ತೆಯವರ ಮಾತಿಗೆ ಬರುತ್ತೇನೆ. ಮಾಲೂರಿನ ಕಡೆ ಇಟ್ಟಿಗೆ ಗೂಡಿನಲ್ಲಿ ದುಡಿದು ಬೆನ್ನು ಕಳೆದುಕೊಂಡ ಒಬ್ಬರು ನನ್ನ ಬಳಿ ಬರುತ್ತಿದ್ದರು. ಎರಡು ವರ್ಷ ಊರವರ ಕಣ್ಣಿಗೆ ಕಳ್ಳಬೆನ್ನಾಗಿದ್ದವರು, ನಾನು ಕೋಲು ಕೊಟ್ಟ ದಿನದಿಂದ ರೋಗಿಯಾದರು. ‘ಕೋಲು ನನಗಿಂತ ಅವರಿಗೇ ಬೇಕಾಗಿತ್ತು ಡಾಕ್ಟ್ರೇ’ ಎಂದು ನಕ್ಕರು. ಜನ ಕಣ್ಣಿಗೆ ಕಂಡದ್ದನ್ನು ನಂಬುತ್ತಾರೆ, ಬೆನ್ನೊಳಗಿನ ನರ ಕಾಣುವುದಿಲ್ಲ. ಅತ್ತೆಯವರನ್ನು ಒಮ್ಮೆ ಆಸ್ಪತ್ರೆಗೆ ಜೊತೆಯಲ್ಲಿ ಕರೆದೊಯ್ಯಿರಿ. ವೈದ್ಯರು ಮಗನ ಎಡಪಾದ ಎತ್ತಿಸಿ, ಆಮೇಲೆ ಬಲಪಾದ ಎತ್ತಿಸುವಾಗ ಅವರು ಎದುರಿಗೇ ನಿಂತಿರಲಿ. ಹತ್ತು ಸಲ ವಾದಿಸುವುದಕ್ಕಿಂತ ಅದು ವಾಸಿ. ನೆಂಟರಿಗೆಲ್ಲ ವಿವರಿಸುತ್ತಾ ಹೋಗಬೇಡಿ.

ಪತ್ರದಲ್ಲಿ ನಿಮ್ಮ ಬೆನ್ನಿನ ಬಗ್ಗೆ ಒಂದು ಸಾಲೂ ಇಲ್ಲ. ವಿಂಗಡಿಸಲು ಕುಕ್ಕುರುಗಾಲಿನಲ್ಲಿ ಕೂರುವ ಬದಲು ಖಾಲಿ ಕ್ರೇಟೊಂದನ್ನು ಬೋರಲು ಹಾಕಿ ಅದರ ಮೇಲೆ ಕೂರಿ. ತುಂಬಿದ ಕ್ರೇಟನ್ನು ಒಬ್ಬರೇ ಎತ್ತಬೇಡಿ, ಎರಡು ಕಡೆ ಎರಡು ಕೈ ಇರಲಿ, ಎತ್ತುತ್ತಲೇ ಸೊಂಟ ತಿರುಗಿಸಬೇಡಿ, ಕಾಲು ತಿರುಗಿಸಿ. ಪ್ರಮಾಣಪತ್ರದ ಮೇಲಿನ ದಿನಾಂಕವನ್ನು ಇವತ್ತೇ ನೋಡಿ 90 ದಿನ ಎಣಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಡಿ.